ಎಂಜಿಬಿ ಕಾರಿನ ಆಯಿಲ್ ಪ್ರೆಶರ್: ಮುಳ್ಳು ಇಳಿದಾಗ ಎಲ್ಲಿಂದ ನೋಡಬೇಕು

ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಹಳೇ ಕಾರುಗಳನ್ನು ಪ್ರೀತಿಯಿಂದ ಸಾಕುವವರು ಇದ್ದಾರೆ. ನನ್ನ ಗ್ಯಾರೇಜಿಗೆ ಬರುವ ಅಂಥ ಕಾರುಗಳಲ್ಲಿ ನನಗೆ ಜಾಸ್ತಿ ಇಷ್ಟ ಎಂಜಿಬಿ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು, 1798 ಸಿಸಿ ಇಂಜಿನ್. ಅದನ್ನು ತಂದವರ ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. "ಆಯಿಲ್ ಮುಳ್ಳು ಕೆಳಗೆ ಬೀಳ್ತಿದೆ, ಸ್ವಲ್ಪ ಮೇಲೆ ಬರೋ ಹಾಗೆ ಮಾಡಿಕೊಡಪ್ಪ."

ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಎಲ್ಲಿರಬೇಕು ಅನ್ನುವುದು ಮೊದಲು ಗೊತ್ತಿರಬೇಕು. ಇಂಜಿನ್ ಬಿಸಿಯಾದ ಮೇಲೆ ರಸ್ತೆಯಲ್ಲಿ ಓಡುವಾಗ 50ರಿಂದ 80 ಪೌಂಡ್ (ಚದರ ಇಂಚಿಗೆ, ಅಂದರೆ ಪಿಎಸ್‌ಐ), ನಿಂತಲ್ಲೇ ಸ್ಲೋದಲ್ಲಿ 10ರಿಂದ 25 ಪೌಂಡ್ ಇದ್ದರೆ ಸರಿ. ಇವತ್ತಿನ ಬಹಳಷ್ಟು ಕಾರುಗಳಲ್ಲಿ ಪ್ರೆಶರ್ ಗೇಜೇ ಇಲ್ಲ, ಕೆಂಪು ದೀಪ ಮಾತ್ರ. ಹಾಗಾಗಿ ಮುಳ್ಳು ಸ್ವಲ್ಪ ಅಲ್ಲಾಡಿದರೂ ಜನ ಗಾಬರಿಯಾಗುತ್ತಾರೆ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಗೆ ಸಣ್ಣ ಗೇರಿನಲ್ಲಿ ಹತ್ತಿಸಿ, ಮೇಲೆ ಹೋಗಿ ನಿಲ್ಲಿಸಿದಾಗ ಮುಳ್ಳು 15ಕ್ಕೆ ಬಂದರೆ ಅದು ಕಾಯಿಲೆಯಲ್ಲ. ಆಯಿಲ್ ಕುದಿ ಬಿಸಿಯಾಗಿರುತ್ತದೆ, ತೆಳ್ಳಗಾಗಿರುತ್ತದೆ, ಪಂಪ್ ನಿಧಾನ ತಿರುಗುತ್ತಿರುತ್ತದೆ. ಬಿಸಿ ಇಂಜಿನ್ನನ್ನು 3000 ಆರ್‌ಪಿಎಂನಲ್ಲಿ ಓಡಿಸಿದಾಗಲೂ 40 ದಾಟದಿದ್ದರೆ ಆಗ ಬಾನೆಟ್ ಎತ್ತಬೇಕು.

ಪಂಪ್ ಮಾಡುವ ಕೆಲಸ ಆಯಿಲ್ ದೂಡುವುದು ಅಷ್ಟೆ. ಪ್ರೆಶರ್ ಹುಟ್ಟುವುದು ಆಯಿಲ್‌ಗೆ ಮುಂದೆ ಸಿಗುವ ತಡೆಯಿಂದ, ಅಂದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೂ ಅದನ್ನು ಹಿಡಿದಿರುವ ಬೇರಿಂಗಿಗೂ ನಡುವಿನ ಸಣ್ಣ ಸಂದಿಯಿಂದ. ತೋಟದವರಿಗೆ ನಾನು ಸ್ಪ್ರಿಂಕ್ಲರ್ ಉದಾಹರಣೆ ಕೊಡುತ್ತೇನೆ. ಹೂಮಳೆ ಬಾರದ ವರ್ಷ ನೀರು ಹಾರಿಸುವಾಗ ಜೆಟ್ಟಿನ ತೂತು ಸವೆದು ದೊಡ್ಡದಾಗಿದ್ದರೆ, ಮೋಟಾರ್ ಎಷ್ಟೇ ಚೆನ್ನಾಗಿದ್ದರೂ ನೀರು ದೂರ ಹಾರುವುದಿಲ್ಲ, ಅಲ್ವಾ? ಬೇರಿಂಗ್ ಸವೆದ ಇಂಜಿನ್ ಕೂಡ ಹಾಗೇ.

ಇನ್ನು ಪ್ರೆಶರ್ ಮಿತಿ ಮೀರದ ಹಾಗೆ ನೋಡಿಕೊಳ್ಳುವ ರಿಲೀಫ್ ವಾಲ್ವ್. ಇಂಜಿನ್ ಬ್ಲಾಕಿನ ಎಡಗಡೆ, ಹಿಂಭಾಗದಲ್ಲಿ ಟೋಪಿಯಂಥ ನಟ್ ಇದೆ. ಅದರ ಒಳಗೆ ಒಂದು ಸ್ಪ್ರಿಂಗ್, ಒಂದು ಪ್ಲಂಜರ್. ಪ್ರೆಶರ್ ಸುಮಾರು 70 ಪೌಂಡ್ ಮುಟ್ಟಿದಾಗ ಪ್ಲಂಜರ್ ಹಿಂದೆ ಸರಿದು ಹೆಚ್ಚಾದ ಆಯಿಲ್ಲನ್ನು ಇಂಜಿನ್ನಿನ ತಳದಲ್ಲಿರುವ ಆಯಿಲ್ ಚೇಂಬರಿಗೆ ವಾಪಸ್ ಬಿಡುತ್ತದೆ. ತುಂಬಾ ಗ್ಯಾರೇಜುಗಳಲ್ಲಿ ಈ ಸ್ಪ್ರಿಂಗಿನ ಹಿಂದೆ ಎರಡು ಮೂರು ವಾಷರ್ ತುರುಕಿ "ಪ್ರೆಶರ್ ಸೆಟ್ ಮಾಡಿದ್ದೀವಿ" ಅನ್ನುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ನೋವಾಗುತ್ತದೆ. ಬಿಸಿ ಇಂಜಿನ್ ಸ್ಲೋದಲ್ಲಿ 8 ಪೌಂಡ್ ತೋರಿಸುತ್ತಿರುವಾಗ ಆ ವಾಲ್ವ್ ಮುಚ್ಚಿಯೇ ಇರುತ್ತದೆ. ಮುಚ್ಚಿದ್ದನ್ನು ಇನ್ನೂ ಗಟ್ಟಿಯಾಗಿ ಒತ್ತಿ ಏನು ಪ್ರಯೋಜನ? ಏರುವುದು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗಿನ ಪ್ರೆಶರ್ ಮಾತ್ರ. ಅದರ ಹೊರೆ ಫಿಲ್ಟರ್ ಮೇಲೆ, ಆಯಿಲ್ ಕೂಲರ್ ಪೈಪುಗಳ ಮೇಲೆ, ಪಂಪ್ ಮೇಲೆ ಬೀಳುತ್ತದೆ. ಓನರ್ ಬೆಳಿಗ್ಗೆ ಮುಳ್ಳು ನೋಡಿ ಖುಷಿಪಡುತ್ತಾರೆ. ಬೇರಿಂಗ್ ಸವೆಯುತ್ತಲೇ ಇರುತ್ತದೆ.

ಹಾಗಂತ ಆ ವಾಲ್ವನ್ನು ಬಿಚ್ಚಲೇಬಾರದು ಅಂತಲ್ಲ. ಪ್ಲಂಜರ್ ಕೂರುವ ಜಾಗದಲ್ಲಿ ಕಸದ ಚೂರು ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚದೆ ಆಯಿಲ್ ಸೋರುತ್ತದೆ. ಆಗ ಮುಳ್ಳು ಇದ್ದಕ್ಕಿದ್ದ ಹಾಗೆ ಬೀಳುತ್ತದೆ. ಬೇರಿಂಗ್ ಸವೆತವಾದರೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಸ್ಪ್ರಿಂಗ್ ತೆಗೆದು ಅಳೆದರೆ 3 ಇಂಚು ಇರಬೇಕು. ಕುಗ್ಗಿದ್ದರೆ ಹೊಸದು ಹಾಕಿ. ಪ್ಲಂಜರಿನಲ್ಲಿ ಗೆರೆ ಬಿದ್ದಿದ್ದರೆ ಅದನ್ನೂ ಬದಲಿಸಿ.

ಆದರೆ ಸ್ಪಾನರ್ ಹಿಡಿಯುವ ಮೊದಲು ನಮ್ಮ ಹುಡುಗರಿಗೆ ನಾನು ಹೇಳುವುದು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ ಅಂತ. ಇಲ್ಲಿ ಡಿಸೆಂಬರ್, ಜನವರಿಯ ಬೆಳಿಗ್ಗೆ ಚಳಿ ಜೋರು. ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಾರೆ, ತೋಟದಿಂದ ಪೇಟೆಗೆ ಬಂದು ನಿಲ್ಲಿಸುತ್ತಾರೆ. ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲ್ ಸಿಲಿಂಡರಿನಿಂದ ಜಾರಿ ಆಯಿಲ್‌ಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಕಾರ್ಬುರೇಟರ್ ಸರಿಮಾಡಿ ಆಯಿಲ್ ಬದಲಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆಯಿಲ್ ಯಾವುದು ಅಂತಲೂ ಕೇಳಬೇಕು. ಮನೆಯ ಹೊಸ ಕಾರಿಗೆ ತಂದ ತೆಳು ಆಯಿಲ್, 5ಡಬ್ಲ್ಯೂ-30 ಡಬ್ಬ ಉಳಿದಿತ್ತು ಎಂದು ಇದಕ್ಕೆ ಸುರಿದವರಿದ್ದಾರೆ. ಈ ಇಂಜಿನ್ನಿನ ಸಂದಿಗೆ ದಪ್ಪ ಆಯಿಲ್, 20ಡಬ್ಲ್ಯೂ-50 ಬೇಕು.

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಾತ್ರ ಮುಳ್ಳು ಪಟ್ಟನೆ ಬಿದ್ದು ಮತ್ತೆ ಏರುತ್ತಿದ್ದರೆ ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದರೆ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಇದು ತುಂಬಾ ಅಪಾಯ. ಆ ಒಂದು ಕ್ಷಣ ಬೇರಿಂಗಿಗೆ ಆಯಿಲ್ಲೇ ಸಿಗುವುದಿಲ್ಲ.

ಇಷ್ಟಾದ ಮೇಲೂ ಮುಳ್ಳು ಕೆಳಗೇ ಇದ್ದರೆ ಬೇರೆ ಗೇಜ್ ಜೋಡಿಸಿ ತಾಳೆ ನೋಡುತ್ತೇನೆ. ಹಳೇ ಗೇಜುಗಳು ಸುಳ್ಳು ಹೇಳುವುದುಂಟು. ಎರಡೂ ಒಂದೇ ಲೆಕ್ಕ ತೋರಿಸಿದರೆ ಆಯಿಲ್ ಚೇಂಬರ್ ಇಳಿಸಿ ಬೇರಿಂಗ್ ನೋಡುವುದೇ ದಾರಿ. ಖರ್ಚು ದೊಡ್ಡದು, ಓನರ್‌ಗೆ ಅದನ್ನು ನೇರವಾಗಿ ಹೇಳುತ್ತೇನೆ. ಗೇಜ್ ಬಿಚ್ಚಿದಾಗ ಅದಕ್ಕೆ ಹೋಗುವ ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ. ಅದರೊಳಗೆ ಇರುವುದು ಇಂಜಿನ್ನಿನ ಪೂರ್ತಿ ಪ್ರೆಶರಿನ ಆಯಿಲ್. ಬಿರುಕು ಕಂಡರೆ ಅವತ್ತೇ ಬದಲಿಸಿ.