ಒಂದು ಮೂಳೆ, ಒಂದು ಕಂದು ಕುಬ್ಜ

ನವೆಂಬರ್ 16, 2025, ಭಾನುವಾರ
ಬೆಂಗಳೂರು

ಬೆಳಿಗ್ಗೆಯೆಲ್ಲ ಗ್ಲೀಸೆ 229ಬಿಯ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕು, ಓದಿದೆ. ನಮ್ಮಿಂದ ಸುಮಾರು 19 ಜ್ಯೋತಿರ್ವರ್ಷ ದೂರದ ಕಂದು ಕುಬ್ಜ ಅದು: ಗುರುವಿನಂಥ ಗ್ರಹಕ್ಕಿಂತ ಭಾರ, ನಕ್ಷತ್ರವಾಗಲು ಸಾಲದಷ್ಟು ಹಗುರ. 1995ರಲ್ಲಿ ಅದನ್ನು ಪತ್ತೆ ಮಾಡಿದ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಇದ್ದರು ಅನ್ನುವುದು ಪ್ರತಿ ಸಲವೂ ಖುಷಿ ಕೊಡುತ್ತದೆ. ಅದರ ಬೆಳಕಿನಲ್ಲಿ ಮೀಥೇನ್ ಗುರುತು ಸಿಕ್ಕಿತ್ತು. ನಕ್ಷತ್ರದ ಬಿಸಿಯಲ್ಲಿ ಮೀಥೇನ್ ಬದುಕುವುದಿಲ್ಲ, ಇಂಗಾಲವೆಲ್ಲ ಕಾರ್ಬನ್ ಮಾನಾಕ್ಸೈಡ್ ಆಗಿಬಿಡುತ್ತದೆ. ಹಾಗಾಗಿ ಇದು ನಕ್ಷತ್ರವಲ್ಲ ಅನ್ನುವುದು ಖಚಿತವಾಯಿತು.

ಊಟವಾದ ಮೇಲೆ ಪಶುವೈದ್ಯಕೀಯ ಓದುತ್ತಿರುವ ತಂಗಿ ಹಸುವಿನ ಮುಂಗಾಲಿನ ಮೂಳೆಯೊಂದನ್ನು ಕೈಗಿಟ್ಟು, "ಅಕ್ಕಾ, ಇದು ಒಂದೋ ಎರಡೋ ಹೇಳು ನೋಡೋಣ" ಅಂದಳು. ಒಂದೇ ಕಂಡಿತು. ಮುಂಭಾಗದಲ್ಲಿ ಉದ್ದಕ್ಕೆ ಓಡುವ ಸಣ್ಣ ಗೆರೆ ತೋರಿಸಿದಳು. ಕರು ಹೊಟ್ಟೆಯಲ್ಲಿರುವಾಗ ಅಲ್ಲಿ ಎರಡು ಮೂಳೆ ಬೇರೆಬೇರೆ ಇದ್ದು, ಆಮೇಲೆ ಬೆಸೆದುಕೊಳ್ಳುತ್ತವಂತೆ. ನಮ್ಮ ಅಂಗೈಯೊಳಗೆ ನಡುಬೆರಳಿಗೂ ಉಂಗುರ ಬೆರಳಿಗೂ ಬುಡವಾಗಿರುವ ಮೂಳೆಗಳೇ ಅವು. ನಾವು ಹಸುವಿನ ಮುಂಗಾಲಿನ ಮಂಡಿ ಅನ್ನುವುದು ನಿಜವಾಗಿ ಅದರ ಮಣಿಕಟ್ಟು. ಹಸು ನಿಂತಿರುವುದು ಎರಡು ಬೆರಳ ತುದಿಯಲ್ಲಿ. ಕುದುರೆ ನಡುಬೆರಳೊಂದರ ಮೇಲೆಯೇ ಓಡುತ್ತದೆ. ಅದರ ಅಕ್ಕಪಕ್ಕದ ಮೂಳೆಗಳು ಕಡ್ಡಿಯಷ್ಟಾಗಿ ಉಳಿದಿವೆ. ತುಂಬ ಹೊತ್ತು ನನ್ನ ಕೈಯನ್ನೇ ನೋಡುತ್ತ ಕೂತಿದ್ದೆ.

ಮೂಳೆಯ ಹೋಲಿಕೆ ಬಂಧುತ್ವವನ್ನು ಹೇಳುತ್ತದೆ. ಹಸು, ಕುದುರೆ, ನಾವು ಒಂದೇ ಪೂರ್ವಜರಿಂದ ಬಂದದ್ದಕ್ಕೇ ಈ ಕೈ ಹೀಗಿದೆ. ನನ್ನ ಕುಬ್ಜಗಳಲ್ಲಿ ಹೋಲಿಕೆ ಹೇಳುವುದು ಮುಖ್ಯವಾಗಿ ಬಿಸಿಯನ್ನು. ಗುರುಗ್ರಹದ 13 ಪಟ್ಟು ತೂಗಲಿ, 70 ಪಟ್ಟು ತೂಗಲಿ, ಗಾತ್ರ ಹೆಚ್ಚುಕಡಿಮೆ ಗುರುವಿನಷ್ಟೇ. ಒಳಗೆ ಜಲಜನಕ ಸ್ಥಿರವಾಗಿ ಉರಿಯುವುದಿಲ್ಲ, ಹುಟ್ಟಿದಂದಿನಿಂದ ಆರುತ್ತ ಹೋಗುವುದೊಂದೇ ಕೆಲಸ. ಬಿಸಿಯಿದ್ದಾಗ ಸಿಲಿಕೇಟ್ ಮತ್ತು ಕಬ್ಬಿಣದ ಮೋಡ, ಆಗ ಅದನ್ನು ಎಲ್ ಎಂಬ ವರ್ಗಕ್ಕೆ ಸೇರಿಸುತ್ತೇವೆ. ಆ ಮೋಡ ಕಣ್ಣಿಗೆ ಸಿಗದಷ್ಟು ಕೆಳಕ್ಕಿಳಿದು ಮೀಥೇನ್ ಮೂಡಿದರೆ ಟಿ. ಇನ್ನೂ ಆರಿದರೆ ವೈ. ವೈಸ್ 0855 ಎಂಬ ವೈ ಕುಬ್ಜದ ಬಿಸಿ ನೀರು ಹೆಪ್ಪುಗಟ್ಟುವ ಬಿಸಿಯ ಆಸುಪಾಸಿನಲ್ಲೇ ಇದೆ. ಒಂದೇ ಕಾಯ ಒಂದೇ ಆಯುಷ್ಯದಲ್ಲಿ ವರ್ಗ ಬದಲಿಸುತ್ತದೆ. ಹಗುರವಾದ ಎಳೆಯ ಕುಬ್ಜವೂ ಭಾರವಾದ ಮುದಿ ಕುಬ್ಜವೂ ಒಂದೇ ಬಿಸಿಯಲ್ಲಿದ್ದರೆ ಹತ್ತಿರ ಹತ್ತಿರ ಒಂದೇ ಥರ ಕಾಣುತ್ತವೆ. ಅಲ್ಲಿ ವರ್ಗವನ್ನು ವಂಶವೆಂದು ಓದಬಾರದು. ನಾನು ಇದನ್ನು ಒತ್ತಿ ಹೇಳುವುದು, ವರ್ಗಗಳ ಸಾಲು ನೋಡಿದ ತಕ್ಷಣ ವಂಶವೃಕ್ಷ ಕಲ್ಪಿಸಿಕೊಳ್ಳುವ ಸೆಳೆತ ಬಲವಾದ್ದರಿಂದ.

ಆದರೂ ಒಂದೋ ಎರಡೋ ಅನ್ನುವ ತಂಗಿಯ ಪ್ರಶ್ನೆ ಗ್ಲೀಸೆ 229ಬಿಗೆ ನೇರವಾಗಿ ತಾಕುತ್ತದೆ. ತಾನು ಸುತ್ತುವ ನಕ್ಷತ್ರವನ್ನು ಅದು ಎಳೆಯುವ ಬಲದಿಂದ ಲೆಕ್ಕ ಹಾಕಿದಾಗ ತೂಕ ಗುರುವಿನ ಸುಮಾರು 71 ಪಟ್ಟು ಬಂದಿತ್ತು. ಅಷ್ಟು ಭಾರವಿದ್ದದ್ದು ಇಷ್ಟು ಮಂಕಾಗಿರಬಾರದು. ಹಸುವಿನ ಮೂಳೆಯ ಮೇಲಿನ ಗೆರೆಯ ಹಾಗೆ ಆ ಮಂಕುತನವೇ ಸುಳಿವು ಕೊಟ್ಟಿತ್ತು. 2024ರಲ್ಲಿ ಚಿಲಿಯ ದೂರದರ್ಶಕಗಳ ನೆರವಿನಿಂದ ಅದು ಎರಡೆಂದು ಗೊತ್ತಾಯಿತು: ಗುರುವಿನ 38 ಮತ್ತು 34 ಪಟ್ಟು ತೂಕದ ಜೋಡಿ, ಸುಮಾರು 12 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತಿದೆ.

ಹಾಗಾದರೆ ಇಡೀ ಬೆಳಕನ್ನು ಒಂದೇ ಕಾಯದ್ದೆಂದು ಎಣಿಸಿ ಕಂಡುಕೊಂಡ ಅನಿಲಗಳ ಪ್ರಮಾಣವನ್ನೆಲ್ಲ ಮತ್ತೆ ನೋಡಬೇಕು. ನಾಳೆ ಎರಡು ಬೇರೆ ತಾಪಮಾನ ಇಟ್ಟು ನೀರಾವಿಯ ರೇಖೆಗಳಿಂದ ಶುರು ಮಾಡುತ್ತೇನೆ, ಮೀಥೇನ್ ಆಮೇಲೆ.