ಒಂದೇ ಕಲರಿಮೀಟರಿನ ಲ್ಯಾಬು

ಬಿ.ಎಸ್ಸಿ. ಬಯೋಕೆಮಿಸ್ಟ್ರಿ ಎಂದರೆ ಮೊದಲು ನೆನಪಾಗುವುದು ಲ್ಯಾಬಿನ ಮೂಲೆಯಲ್ಲಿದ್ದ ಒಂದೇ ಒಂದು ಕಲರಿಮೀಟರು (ದ್ರಾವಣದ ಬಣ್ಣ ಎಷ್ಟು ಗಾಢ ಎಂದು ಅಳೆಯುವ ಯಂತ್ರ), ಅದರ ಮುಂದೆ ಟ್ಯೂಬ್ ಸ್ಟ್ಯಾಂಡ್ ಹಿಡಿದು ನಿಂತವರ ಸಾಲು. ಚಿಕ್ಕ ಕಾಲೇಜಿನಲ್ಲಿ ಕೆಮಿಸ್ಟ್ರಿಗಿಂತ ಮುಂಚೆ ಗಡಿಯಾರ ನೋಡುವುದನ್ನು ಕಲಿಯಬೇಕಾಗುತ್ತದೆ.

ಇದು ಚೆನ್ನಾಗಿ ಅರ್ಥವಾಗುವುದು 1951ರ ಲೌರಿ ವಿಧಾನದಲ್ಲಿ ಪ್ರೋಟೀನ್ ಅಳೆಯುವಾಗ. ಮಿ.ಲೀ.ಗೆ 200 ಮೈಕ್ರೋಗ್ರಾಂ ಇರುವ ಬಿಎಸ್‌ಎ (ಹೋಲಿಕೆಗೆ ಬಳಸುವ, ಹಸುವಿನ ರಕ್ತದ ಪ್ರೋಟೀನ್) ದ್ರಾವಣವನ್ನು 0.2, 0.4, 0.6, 0.8, 1.0 ಮಿ.ಲೀ. ಎಂದು ಐದು ಟ್ಯೂಬಿಗೆ ಹಾಕಿ, ಡಿಸ್ಟಿಲ್ಡ್ ವಾಟರ್ ಸೇರಿಸಿ ಎಲ್ಲವನ್ನೂ 1 ಮಿ.ಲೀ.ಗೆ ತರಬೇಕು. ಬ್ಲ್ಯಾಂಕ್‌ಗೆ (ಪ್ರೋಟೀನ್ ಇಲ್ಲದ ಹೋಲಿಕೆ ಟ್ಯೂಬಿಗೆ) ಬರೀ ನೀರು. ಆಮೇಲೆ ಎಲ್ಲಕ್ಕೂ 5 ಮಿ.ಲೀ. ಕ್ಷಾರೀಯ ತಾಮ್ರದ ದ್ರಾವಣ. ಇದನ್ನು ಅವತ್ತೇ ಬೆರೆಸಿಕೊಳ್ಳಬೇಕು, ನಿನ್ನೆಯದು ನಡೆಯದು. ಹತ್ತು ನಿಮಿಷ ಬಿಟ್ಟು, ಸಮನಾಗಿ ನೀರು ಬೆರೆಸಿದ ಫೋಲಿನ್ (ನೀಲಿ ಬಣ್ಣ ಕೊಡುವ ರೀಏಜೆಂಟು) 0.5 ಮಿ.ಲೀ. ಅರ್ಧ ಗಂಟೆ ಕತ್ತಲಲ್ಲಿಟ್ಟು 660 ನ್ಯಾನೋಮೀಟರ್ ತರಂಗಾಂತರದಲ್ಲಿ ರೀಡಿಂಗ್.

ಎಡವುವುದು ಫೋಲಿನ್ ಹಾಕುವಾಗ. ಆ ರೀಏಜೆಂಟು ಆಮ್ಲದಲ್ಲಿ ಕೆಡದೆ ಉಳಿಯುತ್ತದೆ, ಕ್ಷಾರಕ್ಕೆ ಬಿದ್ದೊಡನೆ ಕೆಡಲು ಶುರು. ಎಲ್ಲ ಟ್ಯೂಬಿಗೂ ಹಾಕಿಕೊಂಡು ಕೊನೆಗೆ ಒಟ್ಟಿಗೆ ಅಲುಗಾಡಿಸಿದರೆ, ಮೊದಲಿನವುಗಳಲ್ಲಿ ಬಣ್ಣ ಬರುವ ಮೊದಲೇ ಅದು ಸತ್ತಿರುತ್ತದೆ. ಒಂದಕ್ಕೆ ಹಾಕು, ಆಗಲೇ ಬೆರೆಸು, ಮೂವತ್ತು ಸೆಕೆಂಡಿಗೆ ಮುಂದಿನದು; ರೀಡಿಂಗೂ ಅದೇ ಕ್ರಮ, ಅದೇ ಅಂತರ. ಸಾಲಿನಲ್ಲಿ ಕಾದರೆ ಈ ಲೆಕ್ಕ ತಪ್ಪುತ್ತದೆ. ಹಾಗಾಗಿ ನಿಮ್ಮ ಸರದಿ ಗೊತ್ತು ಮಾಡಿಕೊಂಡೇ ಫೋಲಿನ್ ಬಾಟಲಿ ಮುಟ್ಟಿ.

ಇನ್ನೊಂದು ಮಾತು: ಲೌರಿಯ ಗ್ರಾಫು ಮೇಲಕ್ಕೆ ಹೋದಂತೆ ಬಾಗುತ್ತದೆ. ಐದು ಬಿಂದುಗಳೂ ದಾರ ಎಳೆದ ಹಾಗೆ ನೇರ ಕೂತಿದ್ದರೆ, ಅದು ಸೀನಿಯರ್ ರೆಕಾರ್ಡಿನಿಂದ ಇಳಿಸಿದ್ದು ಎಂದು ಎಕ್ಸಾಮಿನರಿಗೆ ಗೊತ್ತಾಗದೆ ಇರುತ್ತದೆಯೇ?

ಎಂಜಲಿನ ಅಮೈಲೇಸ್ (ಪಿಷ್ಟ ಒಡೆಯುವ ಎಂಜೈಮು) ಪ್ರಯೋಗ ಇಷ್ಟು ಕಾಡುವುದಿಲ್ಲ. 37 ಡಿಗ್ರಿ, ಪಿಎಚ್ 6.8, ಸ್ವಲ್ಪ ಉಪ್ಪು (ಕ್ಲೋರೈಡ್ ಇಲ್ಲದೆ ಎಂಜೈಮು ಸೋಮಾರಿ). ಬಿಳಿ ಟೈಲಿನ ಮೇಲೆ ಅಯೋಡಿನ್ ಹನಿಗಳು, ಆಗಾಗ ಪಿಷ್ಟ-ಎಂಜಲಿನ ಮಿಶ್ರಣದ ಒಂದೊಂದು ಹನಿ ಅವಕ್ಕೆ. ನೀಲಿ, ಕೆಂಗಂದು, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ. ಮೊದಲ ಹನಿಗೇ ನೀಲಿ ಬರದಿದ್ದರೆ ಎಂಜಲು ಗಟ್ಟಿಯಾಯಿತು ಎಂದರ್ಥ. ಇನ್ನಷ್ಟು ನೀರು ಬೆರೆಸಿ.

ಥಿಯರಿಯಲ್ಲಿ ಎಲ್ಲರೂ ಜಗಳವಾಡುವುದು ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಲೆಕ್ಕಕ್ಕೆ. ಲೈಬ್ರರಿಯ ಹಳೇ ಪುಸ್ತಕ ಒಂದು ಗ್ಲೂಕೋಸಿಗೆ 38 ಎನ್ನುತ್ತದೆ, ಹೊಸದು 32. ಎಣಿಸಿ ನೋಡಿ: ಎಲೆಕ್ಟ್ರಾನ್ ಹೊರುವ ಅಣುಗಳು ಒಟ್ಟು 10 ಎನ್‌ಎಡಿಎಚ್, 2 ಎಫ್‌ಎಡಿಎಚ್2, ನೇರವಾಗಿ ಸಿಗುವ ಎಟಿಪಿ 4. ಹಳಬರು ಮೊದಲೆರಡರ ಒಂದೊಂದಕ್ಕೆ ಕ್ರಮವಾಗಿ 3 ಮತ್ತು 2 ಎಟಿಪಿ ಹಿಡಿದರು. ಈಗ ಹಿಡಿಯುವುದು 2.5 ಮತ್ತು 1.5. ಸೈಟೋಸಾಲಿನ (ಮೈಟೊಕಾಂಡ್ರಿಯದ ಹೊರಗಿನ ದ್ರವದ) ಎರಡು ಎನ್‌ಎಡಿಎಚ್ ಗ್ಲಿಸರಾಲ್ ಫಾಸ್ಫೇಟ್ ಶಟಲ್ (ಮೈಟೊಕಾಂಡ್ರಿಯಕ್ಕೆ ಎಲೆಕ್ಟ್ರಾನ್ ಸಾಗಿಸುವ ಒಂದು ದಾರಿ) ಹಿಡಿದರೆ ಇನ್ನೂ ಎರಡು ಕಡಿಮೆ, 30. ಉತ್ತರದಲ್ಲಿ ಯಾವ ಮೌಲ್ಯ, ಯಾವ ಶಟಲ್ ಎಂದು ಒಂದು ಸಾಲು ಬರೆದುಬಿಡಿ.

ಅಮೈನೋ ಆಮ್ಲಗಳನ್ನು ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ ಹಾಳೆಯನ್ನು ಅಂಚಿನಲ್ಲಷ್ಟೇ ಹಿಡಿಯಿರಿ, ಗೆರೆ ಪೆನ್ಸಿಲ್ಲಿನಲ್ಲಿ. ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದಾಗ ಪ್ರೋಲಿನ್ ಹಳದಿ, ಉಳಿದವು ಹೆಚ್ಚಾಗಿ ನೇರಳೆ. ಮಧ್ಯದಲ್ಲಿ ಸುರುಳಿ ಸುರುಳಿ ನೇರಳೆ ಗೆರೆ ಕಂಡರೆ ಅದು ನಿಮ್ಮ ಹೆಬ್ಬೆರಳಿನದು.