ಬ್ಯಾಕಪ್ ರಿಸ್ಟೋರ್ ಆದ ಮೇಲೆ ಲಿನಕ್ಸ್ ಬೂಟ್ ಆಗದಿದ್ದರೆ

ಹೊಸ ಡಿಸ್ಕಿಗೆ ಫೈಲುಗಳೆಲ್ಲ ಬಂದಿವೆ, ಆದರೂ ಲಿನಕ್ಸ್ ಏಳುತ್ತಿಲ್ಲ. ಗಾಬರಿಯಲ್ಲಿ ಮತ್ತೆ ರಿಸ್ಟೋರ್ ಮಾಡಲು ಹೋಗಬೇಡಿ. ಮೊದಲು ಪರದೆ ಎಲ್ಲಿ ನಿಂತಿದೆ ನೋಡಿ. ‘ಗ್ರಬ್ ರೆಸ್ಕ್ಯೂ’ ಎಂದಿದ್ದರೆ ಲಿನಕ್ಸ್ ಎಬ್ಬಿಸುವ ಬೂಟ್‌ಲೋಡರ್ ಗ್ರಬ್‌ಗೆ ತನ್ನ ಫೈಲುಗಳೇ ಸಿಕ್ಕಿಲ್ಲ. ಮೆನು ಬಂದು, ಆಮೇಲೆ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ಮೊದಲ ಅನುಮಾನ ಎಫ್‌ಎಸ್‌ಟ್ಯಾಬ್ (fstab) ಮೇಲೆ; ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅಂದರೆ ಜೋಡಣೆಯಾಗಬೇಕು ಎಂದು ಹೇಳುವ ಫೈಲ್ ಅದು.

ಪಾರ್ಟಿಷನ್ ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಅದರ ಯುಯುಐಡಿ, ಅಂದರೆ ಗುರುತಿನ ಸಂಕೇತ, ಬದಲಾಗುತ್ತದೆ. ಬ್ಯಾಕಪ್‌ನಿಂದ ಬಂದ ಎಫ್‌ಎಸ್‌ಟ್ಯಾಬ್ ಮಾತ್ರ ಹಳೆಯದನ್ನೇ ಹುಡುಕುತ್ತಾ ಕೂರುತ್ತದೆ.

ಡಿಸ್ಕಿನ ನೆರವಿಲ್ಲದೆ ಲಿನಕ್ಸ್ ಓಡಿಸುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಹಳೆಯ ಸಿಸ್ಟಂ ಯುಇಎಫ್‌ಐ (ಹಳೆಯ ಬಯೋಸ್ ಬದಲಿಗೆ ಬಂದ ಫರ್ಮ್‌ವೇರ್) ಆಗಿದ್ದರೆ ಯುಎಸ್‌ಬಿಯೂ ಅದೇ ಮೋಡ್‌ನಲ್ಲಿ ಏಳಬೇಕು. ಇಲ್ಲವಾದರೆ ಫರ್ಮ್‌ವೇರ್‌ನಲ್ಲಿ ಬೂಟ್ ಎಂಟ್ರಿ ದಾಖಲಾಗದು. ಬಹಳ ಜನ ಎಡವುವುದು ಇಲ್ಲೇ. ರೂಟ್ ಪಾರ್ಟಿಷನ್ ಮೌಂಟ್ ಮಾಡಿ, ಅದರೊಳಗಿನ ಬೂಟ್ ಫೋಲ್ಡರಿನ ಇಎಫ್‌ಐ ಜಾಗಕ್ಕೆ ಇಎಫ್‌ಐ ಪಾರ್ಟಿಷನ್ ಸೇರಿಸಿ. ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ಬೈಂಡ್ ಮಾಡಿ ಸಿಎಚ್‌ರೂಟ್ (chroot) ಆಜ್ಞೆಯಿಂದ ರಿಸ್ಟೋರ್ ಆದ ಸಿಸ್ಟಂ ಒಳಹೊಕ್ಕು, ಯುಯುಐಡಿ ತೋರಿಸುವ ಬಿಎಲ್‌ಕೆಐಡಿ (blkid) ಓಡಿಸಿ. ಇಎಕ್ಸ್‌ಟಿ4 ಫಾರ್ಮ್ಯಾಟಿನ ರೂಟ್ ಪಾರ್ಟಿಷನ್ನಿನ ಗುರುತು ಹೈಫನ್ ಸೇರಿ 36 ಅಕ್ಷರ; ಇಎಫ್‌ಐ ಪಾರ್ಟಿಷನ್ನಿನದು ಬರೀ 8 ಅಕ್ಷರ, ನಡುವೆ ಒಂದು ಹೈಫನ್ ಬೇರೆ. ಎರಡನ್ನೂ ಎಫ್‌ಎಸ್‌ಟ್ಯಾಬ್‌ನಲ್ಲಿ ತಿದ್ದಿ. ಸ್ವಾಪ್ (ರ‍್ಯಾಮ್ ಸಾಲದಾಗ ಬಳಕೆಯಾಗುವ ಡಿಸ್ಕ್ ಜಾಗ) ಸಾಲು ಮರೆಯಬೇಡಿ, ಆ 90 ಸೆಕೆಂಡಿಗೆ ಎಷ್ಟೋ ಸಲ ಅದೇ ಕಾರಣ.

ಆಮೇಲೆ ಬೂಟ್‌ಲೋಡರ್ ಮತ್ತೆ ಕೂರಿಸಲು ಗ್ರಬ್-ಇನ್‌ಸ್ಟಾಲ್ (grub-install). ಡೆಬಿಯನ್, ಉಬುಂಟುಗಳಲ್ಲಿ ಅದರ ಬೆನ್ನಿಗೇ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ (update-initramfs), ಕೊನೆಗೆ ಅಪ್‌ಡೇಟ್-ಗ್ರಬ್ (update-grub). ಸಾಟಾ ಡಿಸ್ಕ್ ಬಿಟ್ಟು ಬೇರೆ ಬಗೆಯ ಎನ್‌ವಿಎಂಇ ಡಿಸ್ಕಿಗೆ ಹೋಗಿದ್ದರಂತೂ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬೇಕಾದ ಡ್ರೈವರುಗಳ ಕಟ್ಟು) ಮತ್ತೆ ಕಟ್ಟಲೇಬೇಕು: ಹಳೆಯದರಲ್ಲಿ ಹೊಸ ಡಿಸ್ಕಿನ ಡ್ರೈವರ್ ಇರದಿದ್ದರೆ ಕರ್ನಲ್‌ಗೆ ರೂಟ್ ಪಾರ್ಟಿಷನ್ ಕಾಣಿಸುವುದೇ ಇಲ್ಲ.